ಸೂರಿಲ್ಲದ ಕಾರಿಗೆ ಬಿಗಿ ಎಲ್ಲಿಂದ ಬರುತ್ತದೆ?

(ಬೆಂಗಳೂರಿನಲ್ಲಿ ಹಳೆಯ ಕಾರುಗಳ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಕಾಣುತ್ತಿರುವುದು 1932ರ ಫೋರ್ಡ್ ರೋಡ್‌ಸ್ಟರ್, ಅಂದರೆ ಸೂರಿಲ್ಲದ ಎರಡು ಸೀಟಿನ ಕಾರು. ಸರಿಯಾಗಿ ಹೇಳಬೇಕೆಂದರೆ, 1932ರ ಫೋರ್ಡಿನ ಮೈಕಟ್ಟು ಇಟ್ಟುಕೊಂಡು ಹೊಸದಾಗಿ ಕಟ್ಟಿದ ಕಾರು. ಕಪ್ಪು ಬಣ್ಣ. ಮಡ್‌ಗಾರ್ಡ್ ಇಲ್ಲ. ಮುಂದೆ ಸಣ್ಣ ಟಯರು, ಹಿಂದೆ ದಪ್ಪ ಟಯರು. ತಲೆಯ ಮೇಲೆ ಏನೂ ಇಲ್ಲ. ಇಂಥ ಕಾರನ್ನು ಅಮೆರಿಕದಲ್ಲಿ ಸ್ಟ್ರೀಟ್ ರಾಡ್ ಅಂತಾರೆ. ಹಳೆಯ ಕಾರಿನ ಬಾಡಿ, ಇವತ್ತಿನ ರಸ್ತೆಗೆ ತಕ್ಕ ಎಂಜಿನ್ನು, ಬ್ರೇಕು, ಸಸ್ಪೆನ್ಷನ್ನು. ಇದು ಪ್ರದರ್ಶನಕ್ಕೆ ನಿಲ್ಲಿಸುವ ಕಾರಲ್ಲ, ಓಡಿಸುವ ಕಾರು.

ನಾನು ಕೆಲವು ವರ್ಷಗಳಿಂದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ರಜೆ ಸಿಕ್ಕಾಗೆಲ್ಲ ಇಂಥ ಕಾರು ಕಟ್ಟುವವರ ಗ್ಯಾರೇಜಿಗೆ ಹೋಗಿ ಕೈಜೋಡಿಸುತ್ತೇನೆ. ಜನ ಈ ಕಾರಿನ ಸುತ್ತ ಸೇರಿದಾಗ ಮೊದಲು ನೋಡುವುದು ಎಂಜಿನ್ನು. ಆಮೇಲೆ ಪೇಂಟು. ಆಮೇಲೆ ಚಕ್ರ. ಈ ಕಸುಬು ಗೊತ್ತಿರುವವರು ಮಾತ್ರ ಮೊಣಕಾಲೂರಿ ಬಾಗಿಲ ಕೆಳಗೆ ನೋಡುತ್ತಾರೆ. ಬಾಗಿಲಿಗೂ ಬಾಡಿಗೂ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಸೂರಿಲ್ಲದ ಕಾರಿನ ಯೋಗ್ಯತೆ ತಿಳಿಯುವುದು ಅಲ್ಲಿ. ಇವತ್ತು ನನ್ನ ಮಾತೆಲ್ಲ ಆ ಸಂದಿನ ಬಗ್ಗೆಯೇ ಅಂತ ಬೇಕಾದರೆ ಅಂದುಕೊಳ್ಳಿ.

ಮೊದಲು ಸ್ವಲ್ಪ ಹಿನ್ನೆಲೆ. 1932ರ ಮಾರ್ಚ್ ಕೊನೆಯಲ್ಲಿ ಹೆನ್ರಿ ಫೋರ್ಡರ ಕಂಪನಿ ವಿ-8 ಎಂಜಿನ್ನಿನ, ಅಂದರೆ ಎಂಟು ಸಿಲಿಂಡರುಗಳನ್ನು ವಿ ಆಕಾರದಲ್ಲಿ ಜೋಡಿಸಿದ ಎಂಜಿನ್ನಿನ, ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ವಿ-8 ಹೊಸದೇನಲ್ಲ. ಕ್ಯಾಡಿಲ್ಯಾಕ್ ಅದನ್ನು 1914ರಲ್ಲೇ ತಂದಿತ್ತು. ಆದರೆ ಅದು ಸಿರಿವಂತರ ಕಾರು. ಫೋರ್ಡ್ ಎಂಟೂ ಸಿಲಿಂಡರುಗಳ ಬ್ಲಾಕನ್ನು ಒಂದೇ ಎರಕದಲ್ಲಿ ತೆಗೆದು, ಸಾಧಾರಣ ಸಂಬಳದವರೂ ಕೊಳ್ಳಬಹುದಾದ ಕಾರಿಗೆ ಹಾಕಿತು. 221 ಘನ ಇಂಚು, ನಮ್ಮ ಲೆಕ್ಕದಲ್ಲಿ 3.6 ಲೀಟರ್. ಶಕ್ತಿ 65 ಅಶ್ವಶಕ್ತಿ. ಇವತ್ತು ಸಣ್ಣ ಕಾರಿಗೂ ಅದಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಹಗುರವಾದ ರೋಡ್‌ಸ್ಟರ್ ಬಾಡಿಯಲ್ಲಿ ಆಗಿನ ಕಾಲಕ್ಕೆ ಅದು ದೊಡ್ಡ ಮಾತು.

ಆ ಎಂಜಿನ್ನಿಗೆ ಒಂದು ಹುಟ್ಟುಗುಣ ಇತ್ತು, ಬೇಗ ಬಿಸಿಯಾಗುವುದು. ವಾಲ್ವುಗಳು ಬ್ಲಾಕಿನ ಒಳಗೆ, ವಿ ಆಕಾರದ ಒಳಬದಿಯಲ್ಲಿ ಕೂತಿದ್ದವು. ಹೊಗೆ ಹೊರಗೆ ಹೋಗಬೇಕಾದದ್ದು ಹೊರಬದಿಯಿಂದ. ಹಾಗಾಗಿ ಸುಡುವ ಹೊಗೆ ಸಿಲಿಂಡರುಗಳ ನಡುವೆ, ತಣ್ಣೀರು ಹರಿಯುವ ಜಾಗದ ಮೂಲಕವೇ ಹಾದು ಹೋಗಬೇಕಿತ್ತು. ರೇಡಿಯೇಟರಿನ ಅರ್ಧ ಜೀವ ಆ ಶಾಖ ಕಳೆಯುವುದರಲ್ಲೇ ಸವೆಯುತ್ತಿತ್ತು. ಆದರೂ ಹುಡುಗರು ಈ ಎಂಜಿನ್ನನ್ನು ಬಿಡಲಿಲ್ಲ. ಬೇರೆ ವಿ-8 ಅವರ ಕೈಗೆ ಎಟುಕುವಂತಿರಲಿಲ್ಲ.

ಲಾಸ್ ಏಂಜಲೀಸಿನಿಂದ ಉತ್ತರಕ್ಕೆ ಹೋದರೆ ಮರುಭೂಮಿಯಲ್ಲಿ ಒಣಗಿದ ಕೆರೆಗಳಿವೆ. ಮೈಲಿಗಟ್ಟಲೆ ಗಟ್ಟಿ ಮಣ್ಣಿನ ಬಯಲು. ಮ್ಯೂರಾಕ್, ರೋಸಮಂಡ್, ಎಲ್ ಮಿರಾಜ್ ಅಂತ ಹೆಸರು. ಹಳೆಯ ರೋಡ್‌ಸ್ಟರ್ ಕೊಂಡವರು ವಾರದ ದಿನಗಳಲ್ಲಿ ಅದರಲ್ಲೇ ಕೆಲಸಕ್ಕೆ ಹೋಗಿ, ಭಾನುವಾರ ಮಡ್‌ಗಾರ್ಡ್, ಗಾಜು, ಟಾಪ್ ಎಲ್ಲ ಬಿಚ್ಚಿಟ್ಟು ಅಲ್ಲಿ ಓಡಿಸುತ್ತಿದ್ದರು. 1937ರಲ್ಲಿ ಇವರ ಕ್ಲಬ್ಬುಗಳೆಲ್ಲ ಒಟ್ಟಾಗಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿದವು. ವಿಕ್ ಎಡೆಲ್‌ಬ್ರಾಕ್ ಎಂಬ ಮೆಕ್ಯಾನಿಕ್ ತಮ್ಮ 1932ರ ರೋಡ್‌ಸ್ಟರಿಗೆ ತಾವೇ ರೂಪಿಸಿದ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ, ಪೆಟ್ರೋಲ್ ಹಂಚುವ ಕೊಳವೆ) ಹಾಕಿ, 1941ರ ನವೆಂಬರಿನಲ್ಲಿ ರೋಸಮಂಡ್ ಕೆರೆಯಲ್ಲಿ ಗಂಟೆಗೆ 121.42 ಮೈಲಿ ಓಡಿಸಿದರು. ಅಂದರೆ 195 ಕಿಲೋಮೀಟರ್. ದಿನಬಳಕೆಯ ಕಾರು ಅದು! ಅವರ ಹೆಸರಿನ ಕಂಪನಿ ಇವತ್ತಿಗೂ ಮ್ಯಾನಿಫೋಲ್ಡ್ ಮಾಡುತ್ತಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಹುಚ್ಚು ದೇಶದ ತುಂಬ ಹರಡಿತು. ವೇಗಕ್ಕಾಗಿ ಹೀಗೆ ಬದಲಿಸಿದ ಹಳೆಯ ಕಾರನ್ನು ಹಾಟ್ ರಾಡ್ ಅಂತಾರೆ, ಅದೇ ಹೆಸರಿನ ಪತ್ರಿಕೆ 1948ರ ಜನವರಿಯಲ್ಲಿ ಶುರುವಾಯಿತು. 1955ರಲ್ಲಿ ಷೆವ್ರೊಲೆ 265 ಘನ ಇಂಚಿನ ಹೊಸ ವಿ-8 ತಂದಾಗ, ಷೋರೂಮಿನಲ್ಲೇ 162 ಅಶ್ವಶಕ್ತಿ ಸಿಗತೊಡಗಿತು. ವೇಗಕ್ಕಾಗಿ ಹಳೆಯ ಕಾರು ಕಟ್ಟುವ ಅಗತ್ಯ ಇರಲಿಲ್ಲ. ಆಮೇಲೂ ಕಟ್ಟಿದವರು ಆ ಆಕಾರದ ಮೇಲಿನ ಪ್ರೀತಿಯಿಂದ ಕಟ್ಟಿದರು. 1970ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಸ್ಟ್ರೀಟ್ ರಾಡ್‌ಗಳ ಮೊದಲ ರಾಷ್ಟ್ರೀಯ ಮೇಳ ನಡೆಯಿತು. 1948ರವರೆಗಿನ ಮಾಡೆಲ್ಲುಗಳು ಮಾತ್ರ ಈ ಲೆಕ್ಕಕ್ಕೆ ಬರುತ್ತವೆ ಎಂಬ ನಿಯಮ ಬಹಳ ವರ್ಷ ಇತ್ತು.

ಅಷ್ಟೊಂದು ಹಳೆಯ ಕಾರುಗಳಿರುವಾಗ 1932ರ ಫೋರ್ಡೇ ಯಾಕೆ? ಇದಕ್ಕೆ ಉತ್ತರ ಅದರ ಚಾಸಿಯಲ್ಲಿದೆ, ಅಂದರೆ ಬಾಡಿಯನ್ನು ಹೊರುವ ಅಡಿಯ ಚೌಕಟ್ಟಿನಲ್ಲಿ. ಬೇರೆ ಬಹಳಷ್ಟು ಕಾರುಗಳಲ್ಲಿ ಚಾಸಿಯ ಪಕ್ಕದ ಪಟ್ಟಿಗಳನ್ನು ತಗಡಿನಿಂದ ಮುಚ್ಚಿರುತ್ತಾರೆ. 1932ರಲ್ಲಿ ಫೋರ್ಡ್ ಅದನ್ನು ಮುಚ್ಚಲಿಲ್ಲ. ಆ ಪಟ್ಟಿಗೇ ಒಂದು ಅಚ್ಚುಗೆರೆ ಒತ್ತಿ, ಬಾಡಿಯ ಕೆಳಗೆ ಹೊರಗೆ ಕಾಣುವಂತೆ ಬಿಟ್ಟಿತು. ಮುಂದಿನಿಂದ ಹಿಂದಿನವರೆಗೆ ಮೆತ್ತಗೆ ಬಾಗಿ ಹೋಗುವ ಗೆರೆ ಅದು. ಮಡ್‌ಗಾರ್ಡ್ ಬಿಚ್ಚಿದರೂ ಕಾರು ಬೋಳು ಅನ್ನಿಸುವುದಿಲ್ಲ. ಹಿಂದೆ ಪೆಟ್ರೋಲ್ ಟ್ಯಾಂಕೂ ಚಾಸಿಯ ಎರಡು ತುದಿಗಳ ನಡುವೆ ಅಂದವಾಗಿ ಕೂತಿರುತ್ತದೆ. ಮರುವರ್ಷವೇ ಫೋರ್ಡ್ ಇದೆಲ್ಲ ಬದಲಿಸಿತು. 106 ಇಂಚಿದ್ದ ವೀಲ್‌ಬೇಸ್, ಅಂದರೆ ಮುಂಚಕ್ರ ಹಿಂಚಕ್ರಗಳ ನಡುವಿನ ದೂರ, 112 ಆಯಿತು. ಒಂದೇ ವರ್ಷ ಇದ್ದ ಆಕಾರ ಇದು. 2014ರಲ್ಲಿ ಅಮೆರಿಕದ ಅಂಚೆ ಇಲಾಖೆ ಹಾಟ್ ರಾಡ್‌ಗಳ ಅಂಚೆಚೀಟಿ ತಂದಾಗ ಅದರ ಮೇಲೆ ಇದ್ದದ್ದೂ 1932ರ ಫೋರ್ಡೇ.

ಈಗ ಕಟ್ಟುವ ಕೆಲಸಕ್ಕೆ ಬರೋಣ. ನನಗೆ ಹೆಚ್ಚು ಪ್ರೀತಿಯ ಭಾಗ ಇದು. ಹಾಗಾಗಿ ಇಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಸೂರಿರುವ ಕಾರಿನಲ್ಲಿ ಬಾಡಿಯೇ ಒಂದು ಮುಚ್ಚಿದ ಪೆಟ್ಟಿಗೆ. ಹಳ್ಳ ಬಂದಾಗ ಒಂದು ಚಕ್ರ ಇಳಿದು ಇನ್ನೊಂದು ಏರಿದರೂ, ಸೂರು ಮತ್ತು ಕಂಬಗಳು ಬಾಡಿ ತಿರುಚದಂತೆ ಹಿಡಿಯುತ್ತವೆ. ರೋಡ್‌ಸ್ಟರಿನಲ್ಲಿ ಆ ಆಸರೆ ಇಲ್ಲ. ಬಾಗಿಲಿನ ಜಾಗದಲ್ಲಿ ಬಾಡಿ ಬರೀ ಒಂದು ತೊಟ್ಟಿ. ತಿರುಚುವ ಬಲವನ್ನೆಲ್ಲ ಚಾಸಿಯೇ ತಡೆಯಬೇಕು. ಆದರೆ ಫೋರ್ಡಿನ ಮೂಲ ಚಾಸಿಯ ಪಟ್ಟಿ ಮೂರು ಬದಿ ಮಾತ್ರ ಮುಚ್ಚಿದ, ಒಳಗಡೆ ತೆರೆದ ಪಟ್ಟಿ. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಮಾತ್ರ ತೆಗೆದು ತಿರುಚಿ ನೋಡಿ, ಸುಲಭವಾಗಿ ತಿರುಚುತ್ತದೆ. ಹೊರಗಿನ ಕವಚದೊಳಗೆ ತಳ್ಳಿ ತಿರುಚಿದರೆ ಬಗ್ಗುವುದಿಲ್ಲ. ಚಾಸಿಯಲ್ಲೂ ಅಷ್ಟೇ ವ್ಯತ್ಯಾಸ. 65 ಅಶ್ವಶಕ್ತಿಗೆ ಆ ತೆರೆದ ಪಟ್ಟಿ ಸಾಕಾಗಿತ್ತು. 300ಕ್ಕೆ ಸಾಕಾಗುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಆ ತೆರೆದ ಬದಿಗೆ ಸ್ಟೀಲ್ ಪ್ಲೇಟು ಬೆಸೆದು ಮುಚ್ಚುವುದು. ಬಾಕ್ಸಿಂಗ್ ಅಂತಾರೆ. ಕೇಳುವುದಕ್ಕೆ ಸುಲಭ. ಮಾಡುವಾಗ ಗೊತ್ತಾಗುತ್ತದೆ. ವೆಲ್ಡಿಂಗ್ ಬಿಸಿಗೆ ಲೋಹ ಹಿಗ್ಗಿ, ತಣಿಯುವಾಗ ಎಳೆದುಕೊಳ್ಳುತ್ತದೆ. ಒಂದೇ ಕಡೆಯಿಂದ ಉದ್ದಕ್ಕೆ ವೆಲ್ಡ್ ಮಾಡುತ್ತ ಹೋದರೆ ನೆಟ್ಟಗಿದ್ದ ಪಟ್ಟಿ ಬಿಲ್ಲಿನ ಹಾಗೆ ಬಗ್ಗುತ್ತದೆ. ಅದಕ್ಕೆ ಚಾಸಿಯನ್ನು ಮೊದಲು ಭಾರಿ ಜಿಗ್ (ಅಲ್ಲಾಡದಂತೆ ಹಿಡಿಯುವ ಚೌಕಟ್ಟು) ಮೇಲೆ ಬಿಗಿಯುತ್ತಾರೆ. ಎಡಗಡೆ ಮುಂದೆ ಒಂದಿಂಚು ವೆಲ್ಡು, ಬಲಗಡೆ ಹಿಂದೆ ಒಂದಿಂಚು. ಕೈಯಿಟ್ಟರೆ ಸುಡದಷ್ಟು ತಣಿಯುವವರೆಗೆ ಕಾಯುವುದು. ಮತ್ತೆ ಇನ್ನೊಂದು ಮೂಲೆ. ಹೀಗೆ ಇಡೀ ಪಟ್ಟಿ ತುಂಬಬೇಕು. ಅವಸರ ಮಾಡಿದವರಿಗೆ ಚಾಸಿ ಅಳತೆಗೆ ಸಿಗುವುದಿಲ್ಲ.

ಎರಡನೆಯದು ನಡುವಿನ ಆಸರೆ. 1932ರ ಚಾಸಿಯಲ್ಲಿ ಕೆ ಅಕ್ಷರದ ಆಕಾರದ ಅಡ್ಡಪಟ್ಟಿ ಇತ್ತು. 1933ರಲ್ಲಿ ಫೋರ್ಡೇ ಎಕ್ಸ್ ಆಕಾರಕ್ಕೆ ಬಂತು. ಈಗ ಕಟ್ಟುವವರೂ ಬಹಳಷ್ಟು ಮಂದಿ ಎಕ್ಸ್ ಆಕಾರದ ಕೊಳವೆಗಳನ್ನು ಹಾಕುತ್ತಾರೆ. ಆ ಎಕ್ಸ್ ನಡುವೆ ಗೇರ್‌ಬಾಕ್ಸ್ ಹೋಗಬೇಕು, ಪಕ್ಕದಲ್ಲಿ ಸೈಲೆನ್ಸರ್ ಕೊಳವೆ ಹೋಗಬೇಕು, ಬ್ರೇಕಿನ ಪೈಪು ಹೋಗಬೇಕು, ಆಮೇಲೆ ಗೇರ್‌ಬಾಕ್ಸನ್ನು ಯಾವಾಗಲಾದರೂ ಕೆಳಗಿಳಿಸುವುದಕ್ಕೂ ಬರಬೇಕು. ಒಳ್ಳೆಯ ಗ್ಯಾರೇಜಿನಲ್ಲಿ ಇಷ್ಟನ್ನೂ ವೆಲ್ಡಿಂಗಿಗೆ ಮೊದಲೇ ಯೋಚಿಸಿರುತ್ತಾರೆ.

ಇನ್ನು ಬಾಗಿಲ ಸಂದು. ನಾನು ಹೋಗುವ ಗ್ಯಾರೇಜಿನಲ್ಲಿ ಒಬ್ಬ ಹಿರಿಯರಿದ್ದಾರೆ, ಟಿಂಕರಿಂಗಿನಲ್ಲಿ ಕೈ ಪಳಗಿದವರು. ಬಾಗಿಲು ಕೂರಿಸುವ ಮುಂಚೆ ಅವರು ಚಾಸಿಯ ಮೇಲೆ ಎಂಜಿನ್ನು, ಗೇರ್‌ಬಾಕ್ಸ್ ಇಡಿಸುತ್ತಾರೆ. ಸೀಟಿನ ಜಾಗದಲ್ಲಿ ಇಬ್ಬರ ತೂಕದಷ್ಟು ಮರಳು ಮೂಟೆ ಹಾಕುತ್ತಾರೆ. ಕಾರು ತನ್ನ ನಾಲ್ಕು ಚಕ್ರಗಳ ಮೇಲೇ ನಿಂತಿರಬೇಕು, ಸ್ಟ್ಯಾಂಡ್ ಮೇಲಲ್ಲ. ಬಾಡಿ ಮತ್ತು ಚಾಸಿಯ ನಡುವೆ ತೆಳ್ಳನೆಯ ಷಿಮ್‌ಗಳನ್ನು (ಸಂದು ತುಂಬುವ ಬಿಲ್ಲೆಗಳನ್ನು) ಒಂದೊಂದಾಗಿ ಸೇರಿಸುತ್ತ, ತೆಗೆಯುತ್ತ ಹೋಗುತ್ತಾರೆ. ಮುಂದಿನ ಬೋಲ್ಟಿನ ಕೆಳಗೆ ಒಂದು ಷಿಮ್ ಹಾಕಿದರೆ ಬಾಗಿಲ ಮೇಲಿನ ಸಂದು ಕಿರಿದಾಗುತ್ತದೆ, ಕೆಳಗಿನದು ಅಗಲವಾಗುತ್ತದೆ. ಬಾಗಿಲಿನ ಕೆಳಗಿನ ನಡುವಿನ ಬೋಲ್ಟಿಗೆ ಹಾಕಿದರೆ ಉಲ್ಟಾ. ಎಲ್ಲ ಸರಿಹೋದ ಮೇಲೆ ಒಂದು ಮುಂಚಕ್ರದ ಕೆಳಗೆ ಜಾಕಿ ಇಟ್ಟು ಎತ್ತುತ್ತಾರೆ. ಚಾಸಿ ಬಿಗಿಯಾಗಿದ್ದರೆ ಸಂದು ಅಲ್ಲಾಡುವುದಿಲ್ಲ, ಬಾಗಿಲು ಮೊದಲಿನಂತೆಯೇ ತೆರೆದು ಮುಚ್ಚುತ್ತದೆ. ಚಾಸಿ ಸಡಿಲವಾಗಿದ್ದರೆ ಬಾಗಿಲು ಹಿಡಿದುಕೊಳ್ಳುತ್ತದೆ. ಆಗ ಪೇಂಟು ಎಷ್ಟೇ ಚೆನ್ನಾಗಿದ್ದರೂ ರಸ್ತೆಗೆ ಇಳಿದ ಸ್ವಲ್ಪ ದಿನಕ್ಕೇ ಬಾಗಿಲ ಅಂಚಿನಲ್ಲಿ ಬಣ್ಣ ಕಿತ್ತುಬರುತ್ತದೆ.

ಬ್ರೇಕಿನ ಬಗ್ಗೆ ಒಂದು ವಿಷಯ ಹೇಳಲೇಬೇಕು. 1932ರ ಕಾರಿನಲ್ಲಿ ಇದ್ದದ್ದು ಕಂಬಿ ಎಳೆದು ಹಿಡಿಯುವ ಬ್ರೇಕು. ಫೋರ್ಡ್ ಹೈಡ್ರಾಲಿಕ್ ಬ್ರೇಕಿಗೆ ಬಂದದ್ದು 1939ರಲ್ಲಿ. ಸ್ಟ್ರೀಟ್ ರಾಡ್‌ನಲ್ಲಿ ಡಿಸ್ಕ್ ಬ್ರೇಕ್ ಹಾಕುವುದು ಸಾಮಾನ್ಯ. ಆದರೆ ಈ ಬಾಡಿಯಲ್ಲಿ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಬಾನೆಟ್ ಒಳಗೆ ಜಾಗ ಇರುವುದು ಅಪರೂಪ. ಅದನ್ನು ಕಾಲಡಿ, ಚಾಸಿಯ ಪಕ್ಕ ಕೂರಿಸುತ್ತಾರೆ. ಅಲ್ಲಿ ಅದು ಚಕ್ರದಲ್ಲಿ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗಿಂತ ಕೆಳಗಿರುತ್ತದೆ. ಕಾರು ನಿಂತಾಗ ಬ್ರೇಕ್ ಆಯಿಲ್ ಮೆಲ್ಲನೆ ಹಿಂದಕ್ಕೆ ಇಳಿದುಬಿಡುತ್ತದೆ. ಮರುದಿನ ಪೆಡಲ್ ಒತ್ತಿದರೆ ಮೊದಲ ಸಲ ಏನೂ ಹಿಡಿಯುವುದಿಲ್ಲ. ಅದಕ್ಕೆ ಪೈಪಿನ ನಡುವೆ ಒಂದು ಸಣ್ಣ ವಾಲ್ವ್ ಹಾಕುತ್ತಾರೆ. ಡಿಸ್ಕಿಗೆ ಚದರ ಇಂಚಿಗೆ 2 ಪೌಂಡ್ ಒತ್ತಡ ಹಿಡಿದಿಡುವಂಥದ್ದು, ಡ್ರಮ್ಮಿಗೆ 10 ಪೌಂಡ್. ಹೆಬ್ಬೆರಳಿನಷ್ಟು ದೊಡ್ಡ ಸಾಮಾನು. ಅದಿಲ್ಲದ ಕಾರಿನಲ್ಲಿ ನಾನಂತೂ ಕೂರುವುದಿಲ್ಲ.

ಎಂಜಿನ್ನಿನ ವಿಷಯದಲ್ಲಿ ಜಗಳ ಇದ್ದದ್ದೇ. ಫೋರ್ಡ್ ಬಾಡಿಗೆ ಷೆವ್ರೊಲೆ ಎಂಜಿನ್ ಯಾಕೆ ಅಂತ ಕೇಳುವವರು ಅಲ್ಲೂ ಬೇಕಾದಷ್ಟು ಮಂದಿ. ಕಾರಣ ಸರಳ. 1967ರಲ್ಲಿ ಬಂದ 350 ಘನ ಇಂಚಿನ ಷೆವ್ರೊಲೆ ಎಂಜಿನ್ನು ಗಾತ್ರದಲ್ಲಿ ಅಡಕ, ಅಗ್ಗ, ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ. ಅದರ ಮುಂಭಾಗ ಗಿಡ್ಡ, ಆಯಿಲ್ ಸಂಪ್ ಹಿಂದೆ ಇದೆ. ಹಾಗಾಗಿ ಚಿಕ್ಕ ಬಾನೆಟ್ ಒಳಗೆ ಮುಂದಿನ ಅಡ್ಡಪಟ್ಟಿಗೆ ತಾಗದೆ ಕೂರುತ್ತದೆ. ನನಗೆ ಕೇಳಿದರೆ, ಮಡ್‌ಗಾರ್ಡ್ ಬಿಚ್ಚಿ ಹಳೆಯ ರೀತಿಯಲ್ಲಿ ಕಟ್ಟುವ ರೋಡ್‌ಸ್ಟರಿಗೆ ಫೋರ್ಡಿನ ಹಳೆಯ ಫ್ಲ್ಯಾಟ್‌ಹೆಡ್ಡೇ, ಅಂದರೆ ಮೊದಲು ಹೇಳಿದ ಆ ವಿ-8 ಎಂಜಿನ್ನೇ, ಚಂದ. ದೂರ ಪ್ರಯಾಣ ಮಾಡುವವರಿಗೆ ಷೆವ್ರೊಲೆ ನೆಮ್ಮದಿ. ಮುಂದಿನ ಆಕ್ಸಲ್ಲಿಗೂ ಇದೇ ಮಾತು. ಮಡ್‌ಗಾರ್ಡ್ ಇಲ್ಲದ ಕಾರಿನಲ್ಲಿ ಎಲ್ಲವೂ ಹೊರಗೆ ಕಾಣುವುದರಿಂದ, ಎರಡೂ ತುದಿ ಮೇಲಕ್ಕೆ ಬಾಗಿದ ಒಂದೇ ತೊಲೆಯ ಹಳೆಯ ಆಕ್ಸಲ್ ಇರಬೇಕು. ಮಡ್‌ಗಾರ್ಡ್ ಇದ್ದರೆ ಒಳಗೆ 1970ರ ದಶಕದ ಮಸ್ಟಾಂಗ್-2 ಕಾರಿನ ಮಾದರಿಯ ಸಸ್ಪೆನ್ಷನ್ ಹಾಕಿ, ಯಾರಿಗೂ ಕಾಣುವುದಿಲ್ಲ, ಕೂತವರಿಗೆ ಸುಖ.

ಇನ್ನು ಟಾಪ್ ಬಗ್ಗೆ, ಅಂದರೆ ಮೇಲೆ ಹಾಕಿ ತೆಗೆಯುವ ಹೊದಿಕೆಯ ಬಗ್ಗೆ. 1932ರಲ್ಲಿ ಫೋರ್ಡಿನ ಎರಡು ಸೀಟಿನ ತೆರೆದ ಕಾರುಗಳು ಎರಡು ಬಗೆ. ರೋಡ್‌ಸ್ಟರಿನ ಬಾಗಿಲಿಗೆ ಗಾಜೇ ಇಲ್ಲ. ಮಳೆ ಬಂದರೆ ಪಕ್ಕಕ್ಕೆ ಪರದೆ ಕಟ್ಟಿಕೊಳ್ಳಬೇಕು. ಕ್ಯಾಬ್ರಿಯೊಲೆಯಲ್ಲಿ ಗಾಜು ತಿರುಗಿಸಿ ಏರಿಸಬಹುದು. ನೋಟಕ್ಕೆ ರೋಡ್‌ಸ್ಟರೇ ಹಗುರ, ಅದಕ್ಕೇ ಬೇಡಿಕೆ. ಮುಂದಿನ ಗಾಜಿನ ಚೌಕಟ್ಟನ್ನು ಎರಡು ಇಂಚು ತಗ್ಗಿಸುವುದು ವಾಡಿಕೆ. ಅಲ್ಲಿಂದ ತೊಂದರೆ ಶುರು. ಚೌಕಟ್ಟು ತಗ್ಗಿದರೆ ಟಾಪಿನ ಕಮಾನುಗಳನ್ನೂ ಅದೇ ಅಳತೆಗೆ ಕತ್ತರಿಸಬೇಕು. ಹಾಗೆ ಮಾಡಿದರೆ ಟಾಪ್ ಮಡಚಿದಾಗ ಮೊದಲಿನ ಜಾಗಕ್ಕೆ ಕೂರುವುದಿಲ್ಲ.

ಇದಕ್ಕೆ ಲಾಸ್ ಏಂಜಲೀಸಿನ ಕಾರ್ಸನ್ ಟಾಪ್ ಶಾಪ್ 1930ರ ದಶಕದಲ್ಲೇ ಒಂದು ದಾರಿ ಹುಡುಕಿತು. ಮಡಚುವ ಗೊಡವೆಯೇ ಬೇಡ ಅಂದುಕೊಂಡರು. ಕಬ್ಬಿಣದ ಚೌಕಟ್ಟಿನ ಮೇಲೆ ಹತ್ತಿ ತುಂಬಿ, ಮೇಲೆ ಬಟ್ಟೆ ಬಿಗಿದು, ಮೆತ್ತನೆಯ ಆದರೆ ಗಟ್ಟಿ ಟಾಪ್ ಮಾಡಿದರು. ಇಬ್ಬರು ಸೇರಿ ಎತ್ತಿ ಕೂರಿಸಬೇಕು, ಬಿಸಿಲಿರುವ ದಿನ ಎತ್ತಿ ಮನೆಯಲ್ಲಿಟ್ಟು ಹೋಗಬೇಕು. ಮಳೆ ಅಪರೂಪವಾದ ಊರಿಗೆ ಅದು ಸರಿಯಾಗಿತ್ತು. ಹಿಂದಕ್ಕೆ ಇಳಿಜಾರಾಗಿ ಹೋಗುವ ಅದರ ಗೆರೆಯನ್ನು ಇವತ್ತಿಗೂ ಜನ ಅನುಸರಿಸುತ್ತಾರೆ. ಮಡಚುವ ಟಾಪೇ ಬೇಕು ಅನ್ನುವವರಿಗೂ ಈಗ ದಾರಿ ಇದೆ. ಡಿಯರ್‌ಬಾರ್ನ್ ಡ್ಯೂಸ್ ಎಂಬ ಹೆಸರಿನಲ್ಲಿ ಹೊಸ ಸ್ಟೀಲಿನ 1932ರ ಬಾಡಿ ಬಂದಿದೆ. ಗಾಜು ಇಳಿಸಿ ಏರಿಸಬಹುದು, ಟಾಪ್ ಸೀಟಿನ ಹಿಂದೆ ಮಡಚಿ ಅಡಗಿಕೊಳ್ಳುತ್ತದೆ. ಫೋರ್ಡ್ 1932ರಲ್ಲಿ ರೋಡ್‌ಸ್ಟರನ್ನು ಹೀಗೆ ಮಾಡಿರಲಿಲ್ಲ. ಆದರೂ ನೋಡಿದವರಿಗೆ ಇದು ಮೊದಲಿಂದಲೂ ಹೀಗೇ ಇತ್ತೇನೋ ಅನ್ನಿಸುತ್ತದೆ. ಹೊಸ ಅಳತೆಗಳನ್ನು ಅಷ್ಟು ಎಚ್ಚರದಿಂದ ಇಟ್ಟಿದ್ದಾರೆ.

ಪೇಂಟಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕಪ್ಪು ಬಣ್ಣ ಯಾವ ತಪ್ಪನ್ನೂ ಮುಚ್ಚುವುದಿಲ್ಲ. ತಗಡಿನಲ್ಲಿ ಕೂದಲೆಳೆಯಷ್ಟು ತಗ್ಗಿದ್ದರೂ ಟ್ಯೂಬ್‌ಲೈಟಿನ ಪ್ರತಿಬಿಂಬ ಅಲ್ಲಿ ಡೊಂಕಾಗುತ್ತದೆ. ಅದಕ್ಕೆ ಪ್ರೈಮರಿನ ಮೇಲೆ ಬೇರೆ ಬಣ್ಣದ ತೆಳುಪುಡಿ ಸವರಿ, ಉದ್ದನೆಯ ಹಲಗೆಗೆ ಉಪ್ಪುಕಾಗದ ಸುತ್ತಿ ಅಡ್ಡಡ್ಡ ಉಜ್ಜುತ್ತಾರೆ. ಪುಡಿ ಉಳಿದ ಜಾಗ ತಗ್ಗು ಅಂತ ಗೊತ್ತಾಗುತ್ತದೆ. ಕೈಗೆ ತೆಳ್ಳನೆಯ ಹತ್ತಿ ಬಟ್ಟೆ ಹಿಡಿದು ಸವರಿದರೆ, ಕಣ್ಣಿಗೆ ಕಾಣದ ಅಲೆಯೂ ಬೆರಳಿಗೆ ತಿಳಿಯುತ್ತದೆ.

ಇಂಥ ಕೆಲಸವನ್ನು ಬಹಳ ಕಾಲ ದೊಡ್ಡ ಮನುಷ್ಯರು ಕಾರಿನ ಕಲೆ ಅಂತ ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನ ಹೆಸರಾಂತ ಪ್ರದರ್ಶನದಲ್ಲಿ ಹಾಟ್ ರಾಡ್‌ಗಳಿಗೆ ಪ್ರತ್ಯೇಕ ವಿಭಾಗ ಸಿಕ್ಕಿದ್ದು 1997ರಲ್ಲಿ. ಆ ವರ್ಷ ಗೆದ್ದದ್ದು ಡೋನ್ ಸ್ಪೆನ್ಸರ್ 1940ರ ದಶಕದಲ್ಲಿ ರೂಪಿಸಿದ 1932ರ ರೋಡ್‌ಸ್ಟರ್. ಹಿಂದಕ್ಕೆ ವಾಲಿದ, ನಡುವೆ ಮುರಿದಂತಿರುವ ಅದರ ಡುವಾಲ್ ಎಂಬ ಮಾದರಿಯ ಮುಂದಿನ ಗಾಜನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಸ್ಪೆನ್ಸರ್ ಅದನ್ನು ಮೆಕ್ಸಿಕೋದ ಕರೇರಾ ಪಾನಮೆರಿಕಾನಾ ರೇಸಿಗೆ ಸಜ್ಜು ಮಾಡುತ್ತಿದ್ದರು. 1954ರ ನಂತರ ಆ ರೇಸೇ ನಿಂತುಹೋಯಿತು. ಕಾರು ಉಳಿಯಿತು.

ಇಷ್ಟು ನನ್ನ ಮಾತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು.

ಒಬ್ಬ ಹಿರಿಯರು ಕೇಳಿದರು: "ಹಳೆಯ ಕಾರನ್ನು ಇದ್ದ ಹಾಗೇ ಕಾಪಾಡಬೇಕಲ್ಲವಾ? ಕತ್ತರಿಸುವುದು ತಪ್ಪಲ್ಲವಾ?"

ಸರ್, ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಂದು ಕಾಲದಲ್ಲಿ ಗುಜರಿಯಲ್ಲಿ ಬಿದ್ದದ್ದನ್ನು ತಂದು ಕಟ್ಟುತ್ತಿದ್ದರು, ಅದರಿಂದ ಎಷ್ಟೋ ಬಾಡಿಗಳು ಉಳಿದುಕೊಂಡವು. ಈಗ ಮೂಲ ಸ್ಥಿತಿಯಲ್ಲಿ ಉಳಿದಿರುವ 1932ರ ರೋಡ್‌ಸ್ಟರ್ ಸಿಕ್ಕಿದರೆ ಅದಕ್ಕೆ ಗರಗಸ ಇಡಬಾರದು. ಇಡುವ ಅಗತ್ಯವೂ ಇಲ್ಲ. ಒಹಾಯೋ ರಾಜ್ಯದ ಬ್ರೂಕ್‌ವಿಲ್ ರೋಡ್‌ಸ್ಟರ್ ಕಂಪನಿ ಅದೇ ಆಕಾರದ ಬಾಡಿಯನ್ನು ಹೊಸ ಸ್ಟೀಲಿನಲ್ಲಿ ಒತ್ತಿ ಕೊಡುತ್ತದೆ. ಚಾಸಿಯ ಪಟ್ಟಿಗಳೂ ಹೊಸದಾಗಿ ಸಿಗುತ್ತವೆ. ಹೊಸ ಬಾಡಿಯ ಮೇಲೆ ಎಷ್ಟು ಬೇಕಾದರೂ ಪ್ರಯೋಗ ಮಾಡಲಿ. ಹಳೆಯದು ಹಾಗೇ ಇರಲಿ. ನಮ್ಮಲ್ಲಿ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯ ನೋಡಿದ್ದೀರಿ. ಮೂಲ ಕಾರು ಹೇಗಿತ್ತು ಅಂತ ತಿಳಿಯಲು ಅಂಥ ಜಾಗ ಬೇಕೇ ಬೇಕು. ಮೂಲ ನೋಡದವನು ಒಳ್ಳೆಯ ಸ್ಟ್ರೀಟ್ ರಾಡ್ ಕಟ್ಟಲಾರ.

ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಕೇಳಿದಳು: "ಇಲ್ಲಿ ಇಂಥ ಕಾರು ಕಟ್ಟಿ ರಸ್ತೆಗೆ ಇಳಿಸಬಹುದಾ ಸರ್?"

ಈಗಿನ ಕಾನೂನಿನಲ್ಲಿ ಕಷ್ಟ ಕಣಮ್ಮ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿ ಹೇಳಿತು. 2021ರಲ್ಲಿ ವಿಂಟೇಜ್ ವಾಹನಗಳಿಗೆ ಹೊಸ ನಿಯಮ ಬಂತು. ಅದು 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಿಸದೆ ಮೂಲ ರೂಪದಲ್ಲೇ ಇರುವ ವಾಹನಕ್ಕೆ ಮಾತ್ರ. ಸ್ಟ್ರೀಟ್ ರಾಡ್ ಆ ಮೂರನ್ನೂ ಮುಟ್ಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಕೈಯಾರೆ ಕಟ್ಟಿದ ಕಾರುಗಳಿಗೆ ಬೇರೆ ದಾರಿ ಮಾಡಿದ್ದಾರೆ. ವರ್ಷಕ್ಕೆ ಮೊದಲು ಬಂದ 500 ಕಾರುಗಳಿಗೆ, ಅವು ಯಾವ ವರ್ಷದ ಮಾಡೆಲ್ ಥರ ಇವೆಯೋ ಆ ವರ್ಷದ ಹೊಗೆ ನಿಯಮ ಅನ್ವಯಿಸುತ್ತಾರೆ. ಬ್ರೇಕು, ದೀಪ ಎಲ್ಲ ತಪಾಸಣೆ ಆಗುತ್ತದೆ. ನಮ್ಮಲ್ಲೂ ಕಡಿಮೆ ಸಂಖ್ಯೆಯಲ್ಲಿ, ಕಟ್ಟುನಿಟ್ಟಿನ ತಪಾಸಣೆಯೊಂದಿಗೆ ಇಂಥ ದಾರಿ ಇರಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಟಿಂಕರಿಂಗ್ ಕೆಲಸ ಬಲ್ಲವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿಯವರೆಗೆ ನೀನು ಒಂದು ಕೆಲಸ ಮಾಡಬಹುದು. ನಿಮ್ಮ ಕಾಲೇಜಿನ ವರ್ಕ್‌ಷಾಪಿನಲ್ಲಿ ತೆರೆದ ಸ್ಟೀಲ್ ಪಟ್ಟಿ ಒಂದು, ಪ್ಲೇಟು ಬೆಸೆದು ಮುಚ್ಚಿದ ಪಟ್ಟಿ ಒಂದು ತಗೋ. ಎರಡಕ್ಕೂ ಒಂದೇ ಭಾರ ನೇತುಹಾಕಿ ತಿರುಚಿ, ಎಷ್ಟು ಡಿಗ್ರಿ ತಿರುಗುತ್ತವೆ ಅಂತ ಅಳೆದು ನೋಡು. ವೆಲ್ಡಿಂಗನ್ನು ನೀನೇ ಮಾಡು, ಒಂದೊಂದೇ ಇಂಚು.